ಕೂಸಿನ ಬಟ್ಟೆಯೂ ಪೇಟೆಯ ಡೈಪರೂ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ತಿಂಗಳ ಕೂಸನ್ನೆತ್ತಿಕೊಂಡು ನಮ್ಮನ್ನು ಕಾಣಲಿಕ್ಕೆ ಬಂದಿದ್ದಳು. ಕುಶಲಪ್ರಶ್ನೆಗಳು ಮುಗಿದ ತರುವಾಯ ಅವಳು, "ಅಕ್ಕೋರೇ, ಪೇಟೆಯ ಡೈಪರು ಭೂಮಿಗೆ ಕೇಡೆಂದು ತರಗತಿಯಲ್ಲಿ ನೀವೇ ಕಲಿಸಿದ್ದಿರಿ. ಅತ್ತೆಯವರೂ ಬಟ್ಟೆಯೇ ಸಾಕೆನ್ನುತ್ತಾರೆ. ಆದರೆ ಒಗೆಯುವವಳು ನಾನೊಬ್ಬಳೇ. ಎಂಟು ದಿನವಾಯಿತು, ಒಂದು ಬಟ್ಟೆಯೂ ನೆಟ್ಟಗೆ ಒಣಗಿಲ್ಲ. ಏನು ಮಾಡಲಿ?" ಎಂದು ಕೇಳಿದಳು. ನಾವು ಆಗ ಕೊಟ್ಟ ಉತ್ತರವು ನಮಗೇ ಸಮಾಧಾನಕರವಾಗಿರಲಿಲ್ಲ. ಆದುದರಿಂದ ಈ ವಿಷಯವನ್ನು ತುಸು ವಿಚಾರಿಸಿ, ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಆ ವಸ್ತುವನ್ನು ಬಿಚ್ಚಿ ನೋಡುವಾ. ಪೇಟೆಯ ಡೈಪರಿನ ಹೊರಪದರವು ಪಾಲಿಥೀನಿನ ತೆಳುಹಾಳೆಯಾಗಿರುವದು. ಕೂಸಿನ ಮೈಗೆ ತಾಗುವ ಒಳಪದರವು ಪಾಲಿಪ್ರೊಪಿಲೀನಿನ ಎಳೆಗಳನ್ನು ನೇಯದೆ ಒತ್ತಿ ಮಾಡಿದ ಬಟ್ಟೆ. ಇವೆರಡರ ನಡುವೆ ಮರದ ತಿರುಳಿನ ಅರಳೆಯೂ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳಿನಂಥ ಪುಡಿಯೂ ತುಂಬಿರುವವು. ಈ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಲೋಳೆಯಾಗಿ ಹಿಡಿದಿಟ್ಟುಕೊಳ್ಳುವದು. ಕೂಸು ರಾತ್ರಿಯೆಲ್ಲ ಒದ್ದೆಯ ಬಾಧೆಯಿಲ್ಲದೆ ನಿದ್ರಿಸುವದಕ್ಕೆ ಕಾರಣವು ಇದೇ. ಗಟಾರಕ್ಕೆಸೆದ ಡೈಪರು ಉಬ್ಬಿ ನೀರನ್ನು ಕಟ್ಟಿಹಾಕುವದಕ್ಕೂ ಕಾರಣವು ಇದೇ. ದಿನಕ್ಕೆ ನಾಲ್ಕರಂತೆ ಲೆಕ್ಕ ಹಾಕಿದರೂ ಎರಡೂವರೆ ವರ್ಷಕ್ಕೆ ಒಂದು ಕೂಸಿಗೆ 3,600ಕ್ಕೂ ಮಿಕ್ಕಿ ಡೈಪರುಗಳಾಗುವವು. ಮರದ ತಿರುಳು ಕಾಲಾಂತರದಲ್ಲಿ ಕೊಳೆತೀತು. ಪ್ಲಾಸ್ಟಿಕ್ಕು ಆ ಕೂಸಿನ ಮೊಮ್ಮಕ್ಕಳ ಕಾಲಕ್ಕೂ ಉಳಿಯುವದು.

ಇವೆಲ್ಲ ಎಲ್ಲಿಗೆ ಹೋಗುವವು? ಕಸದ ಗಾಡಿ ಬಾರದ ಕಡೆಗಳಲ್ಲಿ ಕೆಲವರು ತೆಂಗಿನ ಬುಡದಲ್ಲಿ ಹೂಳುತ್ತಾರೆ, ಕೆಲವರು ಬಚ್ಚಲೊಲೆಗೆ ಹಾಕುತ್ತಾರೆ, ಇನ್ನು ಕೆಲವರು ಕತ್ತಲಾದ ಮೇಲೆ ಹೊಳೆಗೆ ಎಸೆಯುತ್ತಾರೆ. ನಮ್ಮ ಕರಾವಳಿಯ ಮರಳುನೆಲದಲ್ಲಿ ಬಾವಿಯ ನೀರು ಬಹಳ ಆಳದಲ್ಲಿಲ್ಲ. ಅದರ ಸಮೀಪದಲ್ಲಿ ಮಲವನ್ನು ಹೂಳುವದು ಎಷ್ಟರ ಮಟ್ಟಿಗೆ ಯುಕ್ತವೆಂಬುದನ್ನು ಆರೋಗ್ಯಶಾಸ್ತ್ರವನ್ನೋದಿದ ನಮ್ಮ ಹುಡುಗಿಯರಿಗೆ ಹೇಳಬೇಕಾಗಿಲ್ಲ. ಇನ್ನು ಹೊಳೆಗೆ ಬಿದ್ದುದು ಎಲ್ಲಿಯೂ ನಿಲ್ಲದು, ಯಾಕಂದರೆ ಶರಾವತಿಯು ಸಮುದ್ರ ಸೇರುವದು ನಮ್ಮ ಹೊನ್ನಾವರದಲ್ಲಿಯೇ. ಅಳಿವೆಯ ಆಚೆಗೆ ಕಾಸರಕೋಡಿನ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡಲಿಕ್ಕೆ ಬರುತ್ತವೆ. ಸ್ವಚ್ಛವಾದ ತೀರಗಳಿಗೆ ಸಲ್ಲುವ ನೀಲಿ ಧ್ವಜವು ಅದೇ ತೀರಕ್ಕೆ 2020ರಲ್ಲಿ ದೊರೆಯಿತು. ಜಾವಾ ದ್ವೀಪದಲ್ಲಿ, ಡೈಪರನ್ನು ಸುಟ್ಟರೆ ಕೂಸಿನ ಚರ್ಮವು ಬೇಯುವದೆಂಬ ನಂಬಿಕೆಯಿಂದ ಜನರು ಅವನ್ನು ಬ್ರಂತಸ್ ನದಿಗೆಸೆದು, ಆ ನದಿಯೇ ಡೈಪರುಗಳಿಗಾಗಿ ಹೆಸರು ಕೆಡಿಸಿಕೊಂಡಿತು.

ಇಷ್ಟರಿಂದ ಬಟ್ಟೆಯೇ ನಿರ್ದೋಷಿಯೆಂದು ತೀರ್ಮಾನಿಸುವದು ಅವಸರವಾದೀತು. ಇಂಗ್ಲೆಂಡಿನ ಪರಿಸರ ಇಲಾಖೆಯವರು ಎರಡನ್ನೂ ತೂಗಿ ನೋಡಿ 2008ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಒಂದು ಕೂಸಿಗೆ ಎರಡೂವರೆ ವರ್ಷ ಡೈಪರು ಉಪಯೋಗಿಸಿದರೆ ವಾತಾವರಣವನ್ನು ಕಾಯಿಸುವ ಅನಿಲವು ಸುಮಾರು 550 ಕಿಲೋಗ್ರಾಮಿನಷ್ಟೂ, ಬಟ್ಟೆ ಉಪಯೋಗಿಸಿದರೆ ಸುಮಾರು 570 ಕಿಲೋಗ್ರಾಮಿನಷ್ಟೂ ಆಗುವದೆಂದು ಅದರಲ್ಲಿ ಕಂಡುಬಂದಿತು. ಓದಿದಾಗ ನಾವೂ ಬೆರಗಾದೆವು. ಆದರೆ ಬಟ್ಟೆಯ ತಪ್ಪೆಲ್ಲವೂ ಒಗೆಯುವ ಯಂತ್ರದ ಬಿಸಿನೀರಿನಲ್ಲಿಯೂ ಒಣಗಿಸುವ ಯಂತ್ರದ ವಿದ್ಯುತ್ತಿನಲ್ಲಿಯೂ ಇದ್ದಿತು. ಹೊರಗೆ ಹಗ್ಗದ ಮೇಲೆ ಹರವಿ, ಯಂತ್ರ ತುಂಬುವಷ್ಟು ಕೂಡಿಸಿ ಒಗೆದು, ಅದೇ ಬಟ್ಟೆಯನ್ನು ಎರಡನೆಯ ಕೂಸಿಗೂ ಬಳಸಿದರೆ ಸುಮಾರು 200 ಕಿಲೋಗ್ರಾಮು ಕಡಿಮೆಯಾಗುವದೆಂದು ಅದೇ ವರದಿಯು ಹೇಳುತ್ತದೆ. 2023ರಲ್ಲಿ ಪ್ರಕಟವಾದ ಹೊಸ ಲೆಕ್ಕದಲ್ಲಿ ಬಟ್ಟೆಯ ಭಾರವು ಡೈಪರಿಗಿಂತ ಶೇಕಡಾ 25ರಷ್ಟು ಕಡಿಮೆಯೆಂದು ಬಂದಿತು.

ನಮ್ಮಲ್ಲಿ ಕೈಯಿಂದ ಒಗೆದು ಬಿಸಿಲಿಗೆ ಒಣಗಿಸುವ ಮನೆಗಳೇ ಬಹಳ. ಅದಲ್ಲದೆ ಕೂಸಿನ ಬಟ್ಟೆಯೆಂದರೆ ಅಜ್ಜಿಯ ಹಳೆಯ ನೂಲಿನ ಸೀರೆ, ಅಜ್ಜನ ಪಂಚೆ. ಅದಕ್ಕಾಗಿ ಹೊಸ ಹತ್ತಿಯನ್ನು ಬೆಳೆಯಬೇಕಾಗಿಲ್ಲ. (ಈಗಿನ ನೈಲಾನು ಸೀರೆಗಳು ಈ ಕೆಲಸಕ್ಕೆ ಬಾರವು, ಅವು ಹನಿಯನ್ನೂ ಹೀರುವದಿಲ್ಲ.) ಆದರೂ ನಮ್ಮೂರಿನ ತೊಡಕೇ ಬೇರೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ಬಹುತೇಕ ಜೂನಿನಿಂದ ಸೆಪ್ಟೆಂಬರಿನೊಳಗೇ ಬಂದುಬಿಡುವದು. ಆಗ ನೀರುಂಟು, ಬಿಸಿಲಿಲ್ಲ. ಎಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲುಂಟು, ಆದರೆ ಅಳಿವೆಯ ಅಂಚಿನ ಬಾವಿಗಳು ಉಪ್ಪಾಗುತ್ತವೆ. ಸಾಬೂನು ನೊರೆಯೇಳದು, ಒಣಗಿದ ಬಟ್ಟೆ ಹಲಗೆಯಂತೆ ಬಿರುಸಾಗುವದು.

ಇನ್ನೊಂದು ಮಾತು ಯಾವ ವರದಿಯಲ್ಲಿಯೂ ನಮಗೆ ಕಾಣಲಿಲ್ಲ. ಅದು ನಮ್ಮ ಹಾಜರಿ ಪುಸ್ತಕದಲ್ಲಿದೆ. ಮನೆಯಲ್ಲಿ ಹೊಸ ಕೂಸು ಹುಟ್ಟಿದ ತಿಂಗಳುಗಳಲ್ಲಿ ಅದರ ಅಕ್ಕನು ಮೊದಲನೆಯ ತಾಸಿಗೆ ತಡವಾಗಿ ಬರುವದನ್ನು ನಾವು ಎಷ್ಟೋ ವರ್ಷಗಳಿಂದ ಕಂಡಿದ್ದೇವೆ. ಕೇಳಿದರೆ, "ತಮ್ಮನ ಬಟ್ಟೆ ಒಗೀಲಿಕ್ಕಿತ್ತು, ಅಕ್ಕೋರೇ" ಎಂಬ ಉತ್ತರ. ಅಣ್ಣನಾದವನು ಇದೇ ಕಾರಣಕ್ಕೆ ತನ್ನ ಶಾಲೆಗೆ ತಡವಾಗಿ ಹೋದನೆಂದು ನಾವಿನ್ನೂ ಕೇಳಿಲ್ಲ. ಭೂಮಿಯ ಭಾರವನ್ನು ಇಳಿಸಿ ಆ ಹುಡುಗಿಯ ಹೆಗಲಿಗೇರಿಸುವದಾದರೆ ಅಂಥಾ ಬಟ್ಟೆಯನ್ನು ನಾವು ಹೊಗಳಲಾರೆವು.

ಈಗ ಆ ತಾಯಿಗೆ ನಾವು ಹೇಳುವದು ಇಷ್ಟು. ಬಿಸಿಲಿರುವ ತಿಂಗಳುಗಳಲ್ಲಿ ಹಗಲಿಗೆ ಬಟ್ಟೆಯೇ ಇರಲಿ. ಇಪ್ಪತ್ತು ಇಪ್ಪತ್ತೈದು ತುಂಡುಗಳಿದ್ದರೆ ದಿನಕ್ಕೊಮ್ಮೆ ಒಗೆದರೆ ಸಾಕಾಗುವದು. ನೀರು ಸೇದುವದನ್ನೂ ಹಿಂಡಿ ಹರವುವದನ್ನೂ ಕೂಸಿನ ತಂದೆಯು ಮಾಡತಕ್ಕದ್ದು. ಮಲವನ್ನು ಮೊದಲು ಪಾಯಖಾನೆಗೆ ಕೊಡವಿ, ತಣ್ಣೀರಿನಲ್ಲಿ ಜಾಲಾಡಿ, ಆಮೇಲೆ ಸಾಬೂನಿನಿಂದಲೋ ಅಂಟುವಾಳದಿಂದಲೋ ಒಗೆಯಬೇಕು. ಹೊಳೆಯಲ್ಲಿಯೂ ಬಾವಿಕಟ್ಟೆಯಲ್ಲಿಯೂ ಬೇಡ. ಸೋನೆ ಹಿಡಿದ ದಿನಗಳಲ್ಲಿಯೂ ಪ್ರಯಾಣದಲ್ಲಿಯೂ ರಾತ್ರಿಯಲ್ಲಿಯೂ ಡೈಪರು ಬಳಸಿದರೆ ನಾಚಿಕೆಪಡಬೇಕಾದುದಿಲ್ಲ. ಅರೆ ಒಣಗಿದ ಬಟ್ಟೆಯಿಂದ ಕೂಸಿನ ತೊಡೆ ಕೆಂಪಾಗುವದಕ್ಕಿಂತ ಅದೇ ವಾಸಿ. ಬಳಸಿದ ಡೈಪರಿನ ಮಲವನ್ನೂ ಪಾಯಖಾನೆಗೇ ಹಾಕಿ, ಕಾಗದದಲ್ಲಿ ಭದ್ರವಾಗಿ ಸುತ್ತಿ, ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಬೇಕು. ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದವು. ಅದಕ್ಕೆ ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕೆಂದೂ ಅವುಗಳಲ್ಲಿತ್ತು. ಮುಂದಿನ ಸಾರಿ ಅಂಗಡಿಗೆ ಹೋದಾಗ ಆ ಚೀಲವೆಲ್ಲಿ ಎಂದು ಕೇಳಿ ನೋಡಿರಿ.