ವಿದ್ಯಾಲಯಗಳ ಯೋಜನೆ ಮತ್ತು ಮುಂದಾಳ್ತನ

ಕೆರೆ ಕಟ್ಟಿಸಹೊರಟವನು ಮೊದಲು ಏರಿಗೆ ಮಣ್ಣು ಹೊರಿಸುವುದಿಲ್ಲ. ಮಳೆಯ ನೀರು ಯಾವ ದಿಕ್ಕಿನಿಂದ ಹರಿದುಬರುವುದು, ಕೋಡಿ ಎಲ್ಲಿರಬೇಕು, ತೂಬಿನ ನೀರು ಯಾರ ಗದ್ದೆಯವರೆಗೆ ಮುಟ್ಟಬೇಕು ಎಂಬುದನ್ನು ನಿಶ್ಚಯಿಸಿದ ಮೇಲೆಯೇ ಗುದ್ದಲಿಪೂಜೆ. ಮಳೆ ಕಡಮೆಯಾದ ರಾಯದುರ್ಗ, ಮಡಕಶಿರ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಕಾಲೇಜು, ವಿಶ್ವವಿದ್ಯಾನಿಲಯಗಳ ನಿರ್ಮಾಣವೂ ಇಂತಹುದೇ. ಯಾರಿಗೆ, ಯಾವ ವಿದ್ಯೆಯನ್ನು, ಯಾವ ಭಾಷೆಯಲ್ಲಿ, ಯಾವ ಕ್ರಮದಿಂದ ಕೊಡಬೇಕೆಂದು ಮುಂದಾಗಿ ನಿಶ್ಚಯಿಸುವುದೇ ಯೋಜನೆ. ಆ ನಿಶ್ಚಯವನ್ನು ಕಾರ್ಯಕ್ಕೆ ತಂದು, ತಮ್ಮ ತರುವಾಯವೂ ನಡೆದುಬರುವಂತೆ ಮಾಡುವುದೇ ಮುಂದಾಳ್ತನ.

ಇದಕ್ಕೆ ಮೈಸೂರು ವಿಶ್ವವಿದ್ಯಾನಿಲಯವು ಉತ್ತಮ ನಿದರ್ಶನ. ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬೇಕೆಂಬ ಅಭಿಲಾಷೆ ಹುಟ್ಟಿದಾಗ ಅವಸರದಿಂದ ಅಡಿಗಲ್ಲು ಹಾಕಲಿಲ್ಲ. ಸಿ. ಆರ್. ರೆಡ್ಡಿ, ಥಾಮಸ್ ಡೆನ್ಹಾಂ ಎಂಬ ಇಬ್ಬರು ವಿದ್ವಾಂಸರು ಹೊರದೇಶಗಳ ವಿಶ್ವವಿದ್ಯಾನಿಲಯಗಳನ್ನು ಪರಿಶೀಲಿಸಿ 1914ರಲ್ಲಿ ವರದಿಯನ್ನು ಒಪ್ಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರ ಜುಲೈ 27ರಂದು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಎಚ್. ವಿ. ನಂಜುಂಡಯ್ಯನವರು ಪ್ರಥಮ ಉಪಕುಲಪತಿಗಳಾದರು.

ನಲವತ್ತು ವರ್ಷಗಳ ಅನಂತರ, 1956ರಲ್ಲಿ, ಅಲ್ಲಿಯೇ ಓದಿ ಪದವಿ ಪಡೆದಿದ್ದ ಕುವೆಂಪು ಅವರು ಆ ಪೀಠಕ್ಕೆ ಬಂದರು. ಪಾಠ ಹೇಳುವುದು, ಹೊಸ ಜ್ಞಾನವನ್ನು ಅರಸುವುದು, ಆ ಜ್ಞಾನವನ್ನು ಜನಸಾಮಾನ್ಯರಿಗೆ ಮುಟ್ಟಿಸುವುದು, ಈ ಮೂರೂ ವಿಶ್ವವಿದ್ಯಾನಿಲಯದ ಕರ್ತವ್ಯಗಳೆಂದು ಭಾವಿಸಿ ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಕಾರ್ಯವನ್ನು ವಿಂಗಡಿಸಿದರು. ಉನ್ನತ ವ್ಯಾಸಂಗಕ್ಕಾಗಿ ಹೊಸ ಆವರಣವೊಂದನ್ನು ಯೋಜಿಸಿ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅವರು 1960ರಲ್ಲಿ ನಿವೃತ್ತರಾದರು; ಮಾನಸಗಂಗೋತ್ರಿಯಾದರೋ ಇಂದಿಗೂ ಹರಿಯುತ್ತಿದೆ.

ಮೈಸೂರಿನ ವರದಿಯನ್ನು ಬರೆದ ರೆಡ್ಡಿಯವರೇ 1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾದುದು ಗಮನಾರ್ಹ. 1931ರಿಂದ 1936ರವರೆಗೆ ಅಲ್ಲಿ ಆ ಭಾರವನ್ನು ಹೊತ್ತವರು ಸರ್ವೇಪಲ್ಲಿ ರಾಧಾಕೃಷ್ಣನ್ ಅವರು. ಅವರೂ ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅನಂತರ ರೆಡ್ಡಿಯವರು ಪುನಃ ಬಂದರು. ಆಳುವ ಕೈ ಬದಲಾದರೂ ಕೆಲಸ ನಿಲ್ಲಲಿಲ್ಲ. ಕನ್ನಡನಾಡಿನಲ್ಲಿ ಪಡೆದ ಅನುಭವವು ಆಂಧ್ರಕ್ಕೂ ಉಪಯುಕ್ತವಾಯಿತು. ವಿದ್ಯೆಗೆ ಗಡಿಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಸಮೀಪದ ಅನಂತಪುರದ ಸರ್ಕಾರಿ ಕಾಲೇಜೂ 1916ರಲ್ಲಿಯೇ ಹುಟ್ಟಿತು. ಅದೇ ಊರಿನಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯವು 1968ರಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಆ ಕೇಂದ್ರವೇ ಬೆಳೆದು 1981ರಲ್ಲಿ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯವಾಯಿತು. ಸಣ್ಣದಾಗಿ ಆರಂಭಿಸಿ, ಬೇರು ಬಿಟ್ಟ ಮೇಲೆ ಕೊಂಬೆ ಚಾಚುವುದೂ ಯೋಜನೆಯ ಒಂದು ಮಾರ್ಗ.

ಇದೆಲ್ಲ ದೊಡ್ಡವರ ಮಾತು, ನಮಗೇನು ಎಂದು ತಾಯ್ತಂದೆಗಳು ಕೇಳಬಹುದು. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಮಡಕಶಿರವು 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎಲ್ಲೆಗಳು ಬದಲಾದರೂ ಮನೆಮಾತು ಬದಲಾಗಲಿಲ್ಲ. ಕನ್ನಡದಲ್ಲಿ ಗಣಿತ, ವಿಜ್ಞಾನಗಳನ್ನು ಕಲಿತ ಮಗುವು ಕಾಲೇಜಿನ ಮೆಟ್ಟಿಲೇರಿದಾಗ ಪಾಠವು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ನಡೆದರೆ, ಬುದ್ಧಿಯಿದ್ದರೂ ಮೊದಲ ವರ್ಷವೇ ಧೈರ್ಯಗುಂದುವ ಸಂಭವವುಂಟು. ಇಂತಹ ವಿದ್ಯಾರ್ಥಿಗಳು ಬರುವರೆಂದು ಮೊದಲೇ ಲೆಕ್ಕಹಾಕಿ, ಪಾರಿಭಾಷಿಕ ಪದಗಳ ಪರಿಚಯವನ್ನೂ ಕೆಲವು ವಾರಗಳ ವಿಶೇಷ ಪಾಠವನ್ನೂ ಏರ್ಪಡಿಸುವ ಕಾಲೇಜೇ ದೂರದೃಷ್ಟಿಯುಳ್ಳದ್ದು. ಆದಕಾರಣ ಮಕ್ಕಳನ್ನು ಸೇರಿಸುವ ಮುನ್ನ ಕಟ್ಟಡದ ಎತ್ತರವನ್ನು ನೋಡಿ ಮರುಳಾಗದೆ ಮೂರು ಪ್ರಶ್ನೆಗಳನ್ನು ಕೇಳಿರಿ: ಯಾವ ಭಾಷೆಯಲ್ಲಿ ಬೋಧಿಸುವಿರಿ? ಹಿಂದೆ ಬಿದ್ದವರಿಗೆ ಏನು ನೆರವು ನೀಡುವಿರಿ? ಸೇರಿದವರಲ್ಲಿ ಎಷ್ಟು ಮಂದಿ ಓದನ್ನು ಪೂರೈಸಿದ್ದಾರೆ?

ವಿದ್ಯಾರ್ಥಿಗಳೇ, ನೀವು ಸಹ ಈಗಿನಿಂದಲೇ ಸಿದ್ಧರಾಗಿರಿ. ಕನ್ನಡವನ್ನು ಗಟ್ಟಿಯಾಗಿ ಹಿಡಿಯಿರಿ. ನೆರೆಯ ತೆಲುಗನ್ನೂ ಇಂಗ್ಲಿಷನ್ನೂ ದಿನಕ್ಕಿಷ್ಟೆಂದು ಕಲಿಯಿರಿ. ತೂಬಿನ ನೀರು ಕಟ್ಟಕಡೆಯ ಹೊಲವನ್ನು ಮುಟ್ಟಿದಾಗಲೇ ಕೆರೆ ಸಾರ್ಥಕ. ಗಡಿಯೂರಿನ ಮಗುವನ್ನು ವಿದ್ಯೆ ಮುಟ್ಟಿದಾಗಲೇ ವಿದ್ಯಾಲಯ ಸಾರ್ಥಕ.