ಕತ್ತರಿಸುವ ಮೊದಲೇ ಅಳತೆ

ಪ್ರಶ್ನೆ: ಗಡ್ಡೆ ತೆಗೆದ ಮೇಲೆ ದವಡೆಯನ್ನು ಕಾಲಿನ ಮೂಳೆಯಿಂದ ಮತ್ತೆ ಕಟ್ಟುತ್ತಾರಂತೆ. ಅಳತೆ ಹೊಂದುವುದು ಹೇಗೆ?
– ಓದುಗರೊಬ್ಬರು, ಚಾಮರಾಜಪೇಟೆ

ಉತ್ತರ: ಇದು ಬಾಯಿ, ದವಡೆ, ಮುಖದ ಶಸ್ತ್ರವೈದ್ಯರ ಕ್ಷೇತ್ರ. ನಿಮಗೆ ಹತ್ತಿರದ ಕೋಟೆ ಪ್ರದೇಶದಲ್ಲಿ, 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೂ ಇದರ ವಿಭಾಗವಿದೆ.

ಮೊದಲು ಮುಖ ಮತ್ತು ಕಾಲಿನ ಸಿ.ಟಿ. ಸ್ಕ್ಯಾನ್. ತೆಳು ಪದರಗಳ ಆ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿ ಮೂಳೆಯ ಪೂರ್ಣ ಆಕಾರ ತೋರಿಸುತ್ತದೆ. ದವಡೆಯ ಒಂದು ಬದಿ ಕೆಟ್ಟಿದ್ದರೆ, ಚೆನ್ನಾಗಿರುವ ಬದಿಯನ್ನು ಕನ್ನಡಿಬಿಂಬದಂತೆ ತಿರುಗಿಸಿ ಮಾದರಿ ಮಾಡಿಕೊಳ್ಳುತ್ತಾರೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ತೆಳ್ಳನೆಯ ಮೂಳೆ ಫಿಬುಲಾ. ಮೈಭಾರ ಹೊರುವುದರಲ್ಲಿ ಅದರ ಪಾಲು ಕಡಿಮೆ. ನೇರವಾದ ಅದನ್ನು ಎಲ್ಲಿ, ಯಾವ ಕೋನದಲ್ಲಿ ಕತ್ತರಿಸಿದರೆ ದವಡೆಯ ಬಾಗು ಬರುತ್ತದೆ ಎಂಬುದು ಪರದೆಯ ಮೇಲೆಯೇ ತೀರ್ಮಾನವಾಗುತ್ತದೆ. ಆಮೇಲೆ ತ್ರೀ-ಡಿ ಪ್ರಿಂಟರ್‌ನಲ್ಲಿ, ಆ ಕೋನಗಳಲ್ಲಿ ಸೀಳುಗಳಿರುವ ಅಚ್ಚು ತಯಾರಿಸುತ್ತಾರೆ. ಗರಗಸ ಅದರ ಸೀಳಿನಲ್ಲೇ ಓಡುತ್ತದೆ. ಮೂಳೆಯ ತುಂಡುಗಳನ್ನು ಹಿಡಿದಿಡುವ ಟೈಟೇನಿಯಂ ಪಟ್ಟಿಯನ್ನೂ ಮೊದಲೇ ಬಗ್ಗಿಸಿಡಬಹುದು.

ಆದರೆ ಯೋಜನೆ ಸ್ಕ್ಯಾನ್ ತೆಗೆದ ದಿನದ್ದು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಗಡ್ಡೆ ಬೆಳೆದಿದ್ದರೆ ಅಳತೆ ತಪ್ಪುತ್ತದೆ. ಮೂಳೆಯ ರಕ್ತನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿಯುವುದಕ್ಕೆ ಇಂದಿಗೂ ನುರಿತ ಕೈಯೇ ಬೇಕು.

ಬಾಯಿಹುಣ್ಣು ಎರಡು-ಮೂರು ವಾರವಾದರೂ ಮಾಯದಿದ್ದರೆ ಅದು ಇಂಥ ಗಡ್ಡೆಯ ಸೂಚನೆಯೂ ಆಗಿರಬಹುದು; ತಡಮಾಡದೆ ವೈದ್ಯರಿಗೆ ತೋರಿಸಿ. ಬೇಗ ಪತ್ತೆಯಾದರೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗದಿರಬಹುದು.