ಗರಗಸ ಗೆರೆ ಬಿಟ್ಟಾಗ

ಆರು ಇಂಚು ಅಗಲದ ಹಲಸಿನ ಹಲಗೆಯನ್ನು ಬ್ಯಾಂಡ್‌ಸಾ ಮೇಲೆ ಅಂಚಿಗೆ ನಿಲ್ಲಿಸಿ ಎರಡು ತೆಳು ಹಲಗೆಗಳಾಗಿ ಸೀಳಲು ಹೊರಟಿದ್ದೀರಿ. ಗೆರೆ ನೇರವಾಗಿದೆ, ಫೆನ್ಸ್ ಬಿಗಿಯಾಗಿದೆ. ಆದರೂ ಒಂದಡಿ ಹೋಗುವಷ್ಟರಲ್ಲಿ ಹಲಗೆ ಫೆನ್ಸಿನಿಂದ ದೂರ ಸರಿಯುತ್ತದೆ, ಇಲ್ಲವೇ ಅದಕ್ಕೇ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಬ್ಲೇಡು ತನ್ನ ದಾರಿ ಹಿಡಿದಿದೆ. ಹೀಗಾದ ಕೂಡಲೇ ಫೆನ್ಸನ್ನೇ ಓರೆ ಮಾಡಿಕೊಂಡು ಕೆಲಸ ಮುಂದುವರಿಸುವವರು ಬಹಳ ಮಂದಿ. ನನ್ನ ಪ್ರಕಾರ ಅದು ಕೊನೆಯ ಉಪಾಯ. ಮೊದಲು ಬ್ಲೇಡನ್ನು ನೋಡಬೇಕು.

ಬ್ಯಾಂಡ್‌ಸಾಗೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಪೇಟೆಂಟ್ ಪಡೆದದ್ದು 1808ರಲ್ಲಿ. ಬೆಸುಗೆ ನಿಲ್ಲದೆ ಬ್ಲೇಡು ಮತ್ತೆ ಮತ್ತೆ ತುಂಡಾಗುತ್ತಿದ್ದುದರಿಂದ ಯಂತ್ರ ದಶಕಗಳ ಕಾಲ ಬಳಕೆಗೆ ಬರಲಿಲ್ಲ. ಇವತ್ತು ಬೆಸುಗೆ ಗಟ್ಟಿ. ಆದರೆ ಬ್ಲೇಡು ಈಗಲೂ ತೆಳ್ಳನೆಯ ಉಕ್ಕಿನ ಪಟ್ಟಿಯೇ, ಎರಡು ಚಕ್ರಗಳ ನಡುವೆ ಎಳೆದು ಕಟ್ಟಿದಾಗ ಮಾತ್ರ ಅದಕ್ಕೆ ನೇರ ನಿಲ್ಲುವ ಶಕ್ತಿ.

ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಹರಿತವಾದ ತುದಿ ಹೊಳೆಯುವುದಿಲ್ಲ. ಮೊಂಡಾದದ್ದು ಬಿಳಿ ಚುಕ್ಕೆಯಂತೆ ಮಿನುಗುತ್ತದೆ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಬಾಗಿರುತ್ತವೆ. ಹಳೆಯ ಮರದೊಳಗಿನ ಮೊಳೆ ತಗುಲಿ ಒಂದು ಬದಿಯ ಹಲ್ಲು ಹೋದರೆ, ಬ್ಲೇಡು ಹರಿತ ಉಳಿದ ಬದಿಗೇ ಎಳೆಯುತ್ತದೆ. ವಾಲುವಿಕೆ ಅಲ್ಪವಾಗಿದ್ದರೆ, ಬ್ಲೇಡು ಯಾವ ಕಡೆಗೆ ಎಳೆಯುತ್ತದೋ ಆ ಬದಿಯ ಹಲ್ಲುಗಳಿಗೆ ಓಡುವ ಯಂತ್ರದಲ್ಲೇ ಎಣ್ಣೆಕಲ್ಲನ್ನು ಹಗುರವಾಗಿ ತಾಗಿಸಿ, ಮತ್ತೆ ಕೊಯ್ದು ನೋಡಬಹುದು. ಹೆಚ್ಚಿದ್ದರೆ ಬ್ಲೇಡು ಬದಲಿಸುವುದೇ ಲಾಭ. ತೇಗದಲ್ಲಿ ಸಿಲಿಕಾ ಇರುವುದರಿಂದ ಅದನ್ನು ಸೀಳುವ ಬ್ಲೇಡು ಬೇಗ ಮೊಂಡಾಗುತ್ತದೆ.

ಹಲ್ಲಿನ ಲೆಕ್ಕವೂ ಮುಖ್ಯ. ಅಗಲದ ಹಲಗೆ ಸೀಳಲು ಇಂಚಿಗೆ ಮೂರು ಹಲ್ಲಿನ ಬ್ಲೇಡು ಸಾಕು. ಸಣ್ಣ ಹಲ್ಲಿನದಾದರೆ ನಡುವಿನ ಕುಳಿಗಳಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಕೈ ತಾನಾಗಿ ಹಲಗೆಯನ್ನು ಜೋರಾಗಿ ನೂಕುತ್ತದೆ, ಬ್ಲೇಡು ಮರದೊಳಗೇ ಬಾಗುತ್ತದೆ. ಸೀಳಿದ ಮುಖ ಮಧ್ಯದಲ್ಲಿ ಉಬ್ಬಿದ್ದರೆ ಅಥವಾ ತಗ್ಗಿದ್ದರೆ ತಪ್ಪು ಇದೇ: ಅತಿ ನೂಕು, ಸಡಿಲ ಬ್ಲೇಡು ಅಥವಾ ಮೊಂಡು ಹಲ್ಲು. ಇದನ್ನು ಫೆನ್ಸ್ ತಿರುಗಿಸಿ ಸರಿಪಡಿಸಲಾಗದು.

ಮೇಲಿನ ಗೈಡನ್ನು ಮರದಿಂದ ಕಾಲಿಂಚಿನಷ್ಟು ಎತ್ತರಕ್ಕೆ ಇಳಿಸಿ. ಪಕ್ಕದ ಗೈಡ್‌ಗಳಿಗೂ ಬ್ಲೇಡಿಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ ಸಾಕು. ಹಿಂದಿನ ಬೇರಿಂಗ್ ಕೊಯ್ಯುವಾಗಷ್ಟೇ ತಿರುಗಬೇಕು.

ಇಷ್ಟಾದ ಮೇಲೂ ಬ್ಲೇಡು ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ವಾಲಿದರೆ ಫೆನ್ಸ್ ಮುಟ್ಟಿ. ರದ್ದಿ ಹಲಗೆಯೊಂದರ ನೇರ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆದು, ಫೆನ್ಸ್ ಇಲ್ಲದೆ ಕೈಯಲ್ಲೇ ಗೆರೆಯ ಮೇಲೆ ಅರ್ಧದವರೆಗೆ ಕೊಯ್ಯಿರಿ. ಹಲಗೆ ಅಲುಗದಂತೆ ಹಿಡಿದು ಯಂತ್ರ ನಿಲ್ಲಿಸಿ, ಅದರ ಅಂಚಿನ ಕೋನವನ್ನು ಟೇಬಲ್ ಮೇಲೆ ಗುರುತಿಸಿ, ಫೆನ್ಸನ್ನು ಆ ಗುರುತಿಗೆ ಹೊಂದಿಸಿ. ಈ ಕೋನ ಆ ಬ್ಲೇಡಿಗೆ ಮಾತ್ರ. ಹೊಸದು ಹಾಕಿದಾಗ ಮತ್ತೆ ನೋಡಲೇಬೇಕು.

ಇನ್ನೊಂದು ಮಾತು. ಅರ್ಧ ಸೀಳಿದ ಹಲಗೆಯನ್ನು ಯಂತ್ರ ಓಡುತ್ತಿರುವಾಗ ಹಿಂದಕ್ಕೆ ಎಳೆಯಬೇಡಿ. ಬ್ಲೇಡು ಚಕ್ರದಿಂದ ಕಳಚುತ್ತದೆ. ಸ್ವಿಚ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ತೆಗೆಯಿರಿ.